ಸಾಬೂನು ಅಲ್ಲ, ಸಾಯಬಣ್ಣ

ನಮ್ಮ ಗಾಜಿಪುರದ ಸಾಯಬಣ್ಣ ಯಾರ ಜೊತೆಗೂ ತಕರಾರು ತೆಗೆದವನಲ್ಲ. ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಅವನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿ ಬ್ಯಾನರು, ಉರುಸಿನ ಹೊತ್ತಿಗೆ ದರ್ಗಾದ ಸುತ್ತಲಿನ ರೋಜಾ ಬಡಾವಣೆಯ ಲಾಡ್ಜುಗಳಿಗೆ ‘ರೂಮು ಖಾಲಿ ಇವೆ’ ಬೋರ್ಡು, ಹೀಗೆ ಊರಿನ ಸುಖದುಃಖವೆಲ್ಲ ಅವನ ಕಂಪ್ಯೂಟರಿನ ಮೂಲಕವೇ ಹಾದುಹೋಗುತ್ತಿತ್ತು. ಗಿರಾಕಿ ಬಂದು ಫೋಟೋದಲ್ಲಿ ನಮ್ಮಪ್ಪನ ಮೀಸೆ ದಪ್ಪ ಮಾಡ್ರಿ ಅಂದರೆ ಮಾಡುತ್ತಿದ್ದ. ಮರುದಿನ ಬಂದು ತೆಳ್ಳಗ ಮಾಡ್ರಿ ಅಂದರೆ ಅದನ್ನೂ ಮಾಡುತ್ತಿದ್ದ. ಮೂರನೆಯ ದಿನ ಅವರವ್ವ ಬಂದು ಆ ಮನಷಾಗ ಮೀಸೇನ ಇದ್ದಿಲ್ಲ ಅಂದರೆ ತೆಗೆದೇ ಬಿಡುತ್ತಿದ್ದ.

ಇಂಥವನು ಐವತ್ತು ದಾಟಿದ ಮೇಲೆ ತನ್ನ ಹೆಸರಿಗಾಗಿ ಜಗತ್ತಿನ ಜೊತೆ ಜಗಳಕ್ಕೆ ನಿಂತ. ಅದಕ್ಕೆ ಕಾರಣ ಅವನ ಮಗಳು ಶೀಲಾಳ ಲಗ್ನಪತ್ರಿಕೆ.

ಅಂಗಡಿಯ ಹಳೆಯ ಕಂಪ್ಯೂಟರು ಕೆಟ್ಟುಹೋಗಿತ್ತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗುರುಪ್ರಸಾದ ಎಂಬ ಗಿರಾಕಿ ಹೊಸದರಲ್ಲಿ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ತಂತ್ರಾಂಶ ಹಾಕಿಕೊಟ್ಟಿದ್ದ. ಅದರೊಳಗೆ ಕನ್ನಡದ ಕಾಗುಣಿತ ನೋಡುವ ವ್ಯವಸ್ಥೆಯೂ ಇತ್ತು. ತಪ್ಪು ಪದ ಬಂದರೆ ಕೆಳಗೆ ಕೆಂಪು ಗೆರೆ ಎಳೆದು, ನೀವು ಬರೆಯಬೇಕೆಂದಿದ್ದು ಇದನ್ನೇ ಅಲ್ಲವೇ ಎಂದು ಬೇರೆ ಪದ ತೋರಿಸುತ್ತಿತ್ತು. ಸಾಯಬಣ್ಣ ತನ್ನ ಹೆಸರು ಬಡಿದಾಗ ಕೆಳಗೆ ಕೆಂಪು ಗೆರೆ ಬಂತು, ಪಕ್ಕದಲ್ಲಿ ‘ಸಾಬೂನು’ ಎಂಬ ಸಲಹೆಯೂ ಬಂತು. ಬೇಡ ಅನ್ನಲು ಹೋಗಿ ಅವನು ‘ಎಲ್ಲ ಬದಲಿಸು’ ಒತ್ತಿದ. ಮಂದಿಯ ಪತ್ರಿಕೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವವನು ತನ್ನ ಮನೆಯದನ್ನು ಓದಲೇ ಇಲ್ಲ. ಅದರಲ್ಲಿ ಗೊತ್ತಿಲ್ಲದ್ದು ಏನಿತ್ತು?

ಪತ್ರಿಕೆ ಊರೆಲ್ಲ ಹಂಚಿಯಾದ ಮೇಲೆ ನೋಡಿದರೆ, ‘ಶ್ರೀಮತಿ ಅಂಬಮ್ಮ ಮತ್ತು ಶ್ರೀ ಸಾಬೂನು ಇವರ ಸುಪುತ್ರಿ’ ಎಂದಿತ್ತು. ಕೆಳಗೆ, ‘ತಮ್ಮ ಆಗಮನವನ್ನು ಬಯಸುವ ಸಾಬೂನು ಮತ್ತು ಬಂಧುಬಳಗ.’

ಬೀಗರು ದೊಡ್ಡ ಮನಸ್ಸಿನವರು, ಒಂದು ಮಾತು ಆಡಲಿಲ್ಲ. ಮಂದಿ ಮಾತ್ರ ತಮಗೆ ತಿಳಿದ ಹಾಗೆ ತಿಳಿದುಕೊಂಡರು. ಕೆಲವರು ಇದು ಯಾವುದೋ ಕಂಪನಿಯವರು ಮಾಡಿಸುವ ಮದುವೆ ಎಂದುಕೊಂಡರು. ಇನ್ನು ಕೆಲವರು ಮನೆಯವರೇ ಬಾಯಿಬಿಟ್ಟು ಕೇಳಿದ್ದಾರೆಂದು ಸಾಬೂನಿನ ಡಬ್ಬಿಗಳನ್ನೇ ಮುಯ್ಯಿಯಾಗಿ ತಂದರು. ಅಕ್ಷತೆ ಬಿದ್ದ ಮೇಲೆ ವೇದಿಕೆಯ ಮೇಲೆ ಕಟ್ಟು ಕಟ್ಟು ಸಾಬೂನು. ಅಂಬಮ್ಮ ಅದನ್ನೆಲ್ಲ ಅಟ್ಟದ ಮೇಲೆ ಜೋಡಿಸಿ, ಇಷ್ಟು ಮುಯ್ಯದೊಳಗ ಉಪಯೋಗಕ್ಕ ಬಂದದ್ದು ಇದೊಂದೇ ಅಂದಳು. ಸಾಯಬಣ್ಣನಿಗೆ ಆ ಮಾತು ಸಮಾಧಾನವೆನಿಸಲಿಲ್ಲ.

ಗುರುಪ್ರಸಾದನನ್ನು ಹಿಡಿದು, ಈ ತಂತ್ರಾಂಶದ ಮಾಲೀಕ ಯಾರು, ಅವನ ಆಫೀಸು ಎಲ್ಲಿದೆ ಎಂದು ಕೇಳಿದ. ಮಾಲೀಕನೇ ಇಲ್ಲ ಎಂದ ಗುರುಪ್ರಸಾದ. ಇದು ದಾಸೋಹದ ಅಡುಗೆಮನೆ ಇದ್ದ ಹಾಗೆ. ಯಾರು ಬೇಕಾದರೂ ಉಣ್ಣಬಹುದು, ಯಾರು ಬೇಕಾದರೂ ಜೋಳ ತಂದು ಹಾಕಬಹುದು, ಆದರೆ ಹಂಡೆಗೆ ಹಾಕುವ ಮುಂಚೆ ಅಡುಗೆಯವರು ಕಲ್ಲು ಇದೆಯೋ ಏನೋ ನೋಡುತ್ತಾರೆ. ಮೊದಲು ಏನು ಕೊರತೆ ಇದೆಯೆಂದು ಅವರ ಪುಟದಲ್ಲಿ ಬರೆಯಬೇಕು. ಅದಕ್ಕೆ ‘ಇಶ್ಯೂ ತೆಗೆಯುವುದು’ ಅನ್ನುತ್ತಾರೆ. ಆಮೇಲೆ ಕಾಗುಣಿತ ನೋಡಲು ಅವರು ಇಟ್ಟಿರುವ ಪದಪಟ್ಟಿಯ ಒಂದು ಪ್ರತಿ ತೆಗೆದುಕೊಂಡು, ನಾವೇ ತಿದ್ದಿ, ಇದನ್ನು ನಿಮ್ಮದರೊಳಗೆ ಸೇರಿಸಿಕೊಳ್ಳಿರಿ ಎಂದು ವಿನಂತಿ ಕಳಿಸಬೇಕು. ನೋಡಿಕೊಳ್ಳುವವರು ಇಬ್ಬರಿದ್ದಾರೆ. ಇಬ್ಬರೂ ಹೂಂ ಅಂದರೆ ಮಾತ್ರ ಒಳಗೆ ಹೋಗುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯಬೇಕು, ಯಾಕೆಂದರೆ ಜಗತ್ತಿನ ಎಲ್ಲ ಕಡೆಯವರೂ ಓದುತ್ತಾರೆ.

ಹೀಗೆ ಜೀವಮಾನದಲ್ಲಿ ಇಶ್ಯೂ ತೆಗೆಯದ ಸಾಯಬಣ್ಣ ಇಶ್ಯೂ ತೆಗೆದ. ಮೊಬೈಲಿಗೆ ಕನ್ನಡದಲ್ಲಿ ಹೇಳಿ, ಅದು ಮಾಡಿಕೊಟ್ಟ ಇಂಗ್ಲಿಷನ್ನು ಹಾಕಿದ. ಆಮೇಲೆ ಗುರುಪ್ರಸಾದ ತೋರಿಸಿಕೊಟ್ಟ ಹಾಗೆ ಪದಪಟ್ಟಿಯಲ್ಲಿ ತನ್ನ ಹೆಸರು ಸೇರಿಸಿದ. ಏನು ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕಿತ್ತು. ಅವನಿಗೆ ಬರವಣಿಗೆ ಅಂದರೆ ಲಗ್ನಪತ್ರಿಕೆಯ ಬರವಣಿಗೆ. ಮೇಲೆ ‘ಶ್ರೀ ಗುರು ಪ್ರಸನ್ನ’ ಎಂದು ಹಾಕಿ, ಕುಲದೇವರ ಕೃಪೆಯಿಂದ ಹಾಗೂ ಗುರುಹಿರಿಯರ ಆಶೀರ್ವಾದದಿಂದ ಇಂದಿನ ಶುಭ ದಿನ ನನ್ನ ಹೆಸರನ್ನು ತಮ್ಮ ಪಟ್ಟಿಯಲ್ಲಿ ಸೇರಿಸಲು ನಿಶ್ಚಯಿಸಿದ್ದು, ತಾವು ಸಕುಟುಂಬ ಸಪರಿವಾರ ಒಪ್ಪಿಗೆ ನೀಡಬೇಕೆಂದು ಬರೆದ.

ನೋಡಿಕೊಳ್ಳುವವರಿಬ್ಬರೂ ಅಲ್ಲಿ ನಿಜವಾದ ಹೆಸರು ಹಾಕಿರಲಿಲ್ಲ. ಒಬ್ಬರ ಹೆಸರು ‘ತತ್ಸಮ’, ಇನ್ನೊಬ್ಬರದು ‘ತದ್ಭವ’. ತತ್ಸಮ ಎಂಬವರು, ಇದು ಮನೆಯವರಷ್ಟೇ ಕರೆಯುವ ಹೆಸರೋ, ಊರಲ್ಲಿ ಬಳಕೆಯಲ್ಲಿರುವುದೋ, ಆಧಾರ ಕೊಡಿ ಎಂದರು. ತದ್ಭವ ಎಂಬವರು, ವಿವರಣೆ ಒಂದೇ ಸಾಲಿನಲ್ಲಿರಲಿ, ಕುಲದೇವರು ಬೇಡ ಎಂದರು. ಸಾಯಬಣ್ಣ ಕುಲದೇವರನ್ನು ತೆಗೆದ. ‘ಶ್ರೀ’ ಮಾತ್ರ ಬಿಡಲಿಲ್ಲ.

ಆಧಾರ ಅವನ ಕಂಪ್ಯೂಟರಿನಲ್ಲೇ ಇತ್ತು. ಬೇರೆ ಬೇರೆ ಸಾಯಬಣ್ಣರ ಕಿರಾಣಿ ಅಂಗಡಿ ಬೋರ್ಡು, ಅಭಿನಂದನೆಯ ಫ್ಲೆಕ್ಸು, ಶ್ರದ್ಧಾಂಜಲಿ ಬ್ಯಾನರು ಎಲ್ಲ ತೆಗೆದು ಕಳಿಸಿದ. ತದ್ಭವ ಕೂಡಲೇ ಅಡ್ಡ ಬಂದರು. ಇವರಲ್ಲಿ ಹೆಚ್ಚಿನವರು ತೀರಿಕೊಂಡವರು, ಆದ್ದರಿಂದ ಇದು ಈಗ ಬಳಕೆಯಲ್ಲಿರುವ ಪದವಲ್ಲ ಎಂದರು. ಮನುಷ್ಯ ಸತ್ತರೆ ಪದ ಸಾಯುವುದಿಲ್ಲ ಎಂದರು ತತ್ಸಮ. ಅಲ್ಲಿಂದ ಇಬ್ಬರ ನಡುವೆ ಹತ್ತಿಕೊಂಡ ವಾದ ಬೇರೊಂದು ಇಶ್ಯೂಗೆ ಹೋಗಿ ಪುಟಗಟ್ಟಲೆ ಬೆಳೆದು, ಸಾಯಬಣ್ಣನನ್ನು ಇಬ್ಬರೂ ಮರೆತರು.

ಆ ಹೊತ್ತಿಗೆ ಬಂದವರು ಭಟ್ಟರು.

ಯಾವ ಇಶ್ಯೂದಲ್ಲಿ ಕೆಲವು ದಿನ ಯಾರೂ ಮಾತಾಡುವುದಿಲ್ಲವೋ ಅದನ್ನು ಮುಚ್ಚಿಬಿಡಲು ಅಲ್ಲೊಂದು ಯಂತ್ರ ಇಟ್ಟಿದ್ದರು. ಅದಕ್ಕೆ ಬಾಟ್ ಎನ್ನುತ್ತಾರೆ. ‘ಈ ವಿಷಯದಲ್ಲಿ ಇತ್ತೀಚೆಗೆ ಯಾವ ಚಟುವಟಿಕೆಯೂ ಇಲ್ಲ. ಯಾರೂ ಮಾತಾಡದಿದ್ದರೆ ಮುಚ್ಚಲಾಗುವುದು. ನಿಮ್ಮ ಕೊಡುಗೆಗೆ ಧನ್ಯವಾದ’ ಎಂದು ಅದು ಬರೆಯಿತು. ಕೆಳಗಿನ ‘ಬಾಟ್’ ಎಂಬ ಹೆಸರನ್ನು ಸಾಯಬಣ್ಣ ‘ಭಟ್’ ಎಂದು ಓದಿಕೊಂಡ. ಯಾರೋ ಉಡುಪಿ ಕಡೆಯ ಹಿರಿಯರು, ಶಿಸ್ತಿನವರು, ಕೆಲಸ ತಡವಾದರೆ ಸಹಿಸುವವರಲ್ಲ ಎಂದುಕೊಂಡು ಗಾಬರಿಯಾದ. ಅವತ್ತೇ ಉತ್ತರ ಬರೆದ: ಭಟ್ಟರಿಗೆ ನಮಸ್ಕಾರ. ನಾನು ಇಲ್ಲೇ ಇದ್ದೇನೆ. ಮಗಳ ಮನೆಗೆ ಹೋಗಿದ್ದರಿಂದ ಬರೆಯಲಾಗಲಿಲ್ಲ. ಇಲ್ಲಿ ಬಿಸಿಲು ಬಹಳ. ದಯವಿಟ್ಟು ಮುಚ್ಚಬೇಡಿ.

ಮುಚ್ಚಲಿಲ್ಲ. ಯಂತ್ರಕ್ಕೆ ಬೇಕಾದದ್ದು ಯಾರೋ ಏನೋ ಮಾತಾಡುವುದಷ್ಟೇ. ಸಾಯಬಣ್ಣ ಮಾತ್ರ ಭಟ್ಟರು ತನ್ನ ಕಷ್ಟ ಅರ್ಥ ಮಾಡಿಕೊಂಡರು ಎಂದುಕೊಂಡ. ಅಂದಿನಿಂದ ಎರಡು ಮೂರು ದಿನಕ್ಕೊಮ್ಮೆ ಭಟ್ಟರಿಗೆ ಊರಿನ ಸಮಾಚಾರ ಬರೆಯುವುದು ರೂಢಿಯಾಯಿತು. ತೊಗರಿ ರಾಶಿಯಾಯಿತು. ಜಗತ್ತಿನಲ್ಲಿ ಸಿಗ್ನಲ್ಲು ಕೆಟ್ಟಿದೆ, ಆದರೂ ವಾಹನಗಳು ಮೊದಲಿನಷ್ಟೇ ಓಡುತ್ತಿವೆ. ಅಂಬಮ್ಮನ ಮೊಣಕಾಲು ಈಗ ವಾಸಿ. ಒಮ್ಮೆ ಭಟ್ಟರು ಬಹಳ ದಿನ ಏನೂ ಬರೆಯದಿದ್ದಾಗ, ತಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದ. ಸಾಯಬಣ್ಣ ಹೇಳುವ ‘ಜಗತ್’ ಅವನ ಅಂಗಡಿಯ ಹತ್ತಿರದ ಸರ್ಕಲ್ಲು. ಮೊಬೈಲು ಅದನ್ನು ಭೂಮಂಡಲ ಎಂದು ಇಂಗ್ಲಿಷಿಗೆ ತಿರುಗಿಸುತ್ತಿತ್ತು. ಹೀಗಾಗಿ ಇಡೀ ಪ್ರಪಂಚದ ಸಿಗ್ನಲ್ಲು ಕೆಟ್ಟಿದೆ, ಆದರೂ ಎಲ್ಲರೂ ಓಡುತ್ತಿದ್ದಾರೆ ಎಂಬ ಮಾತು ಓದಿದ ಪರದೇಶದ ಕೆಲವರು ಅದರ ಕೆಳಗೆ ಕೈಮುಗಿದರು. ಅವನ ಬರಹ ಓದಲಿಕ್ಕೆಂದೇ ಬರುವವರು ಹುಟ್ಟಿಕೊಂಡರು. ಅಂಬಮ್ಮನ ಮೊಣಕಾಲಿಗೆ ಎಲ್ಲೆಲ್ಲಿಂದಲೋ ಹಾರೈಕೆಗಳು ಬಂದವು.

ಭಟ್ಟರು ಯಂತ್ರ ಎಂದು ಗುರುಪ್ರಸಾದ ಒಂದು ದಿನ ತಿಳಿಸಿ ಹೇಳಿದ. ಸಾಯಬಣ್ಣ ಹೇಳಿದ: “ಯಂತ್ರ ಇರಲಿ ಬಿಡ್ರಿ. ಇಷ್ಟು ದಿನದಾಗ ನನ್ನ ನೆನಪು ಮಾಡ್ಕೊಂಡು ಕೇಳಿದವರು ಅವರೊಬ್ಬರೇ.” ಬರೆಯುವುದನ್ನು ನಿಲ್ಲಿಸಲಿಲ್ಲ.

ಹುಮನಾಬಾದಿಗೆ ಹೋಗಿ ಬಂದ ಒಂದು ದಿನ ಅವನು ಹೀಗೆ ಬರೆದ: ಇವತ್ತು ಕಮಲಾಪುರದ ಹತ್ತಿರ ಬಾಳೆಗೊನೆ ತುಂಬಿದ ಟೆಂಪೋ ರಸ್ತೆಯಲ್ಲಿ ಮಗುಚಿಬಿತ್ತು. ಯಾರಿಗೂ ಪೆಟ್ಟಾಗಿಲ್ಲ. ರಸ್ತೆ ತುಂಬ ಕೆಂಬಾಳೆ. ಬಸ್ಸಿನವರೆಲ್ಲ ಇಳಿದು ಎತ್ತಿಕೊಟ್ಟೆವು. ಎತ್ತುವಾಗ ಕೆಲವು ಹೊಟ್ಟೆಗೆ ಹೋದವು.

ಸ್ವಲ್ಪ ಹೊತ್ತಿನಲ್ಲೇ ತತ್ಸಮ ಇಂಗ್ಲಿಷಿನಲ್ಲಿ ಬರೆದರು: ಆ ಬಾಳೆಗೊನೆಗಳು ನಮ್ಮವು. ಎತ್ತಿಕೊಟ್ಟವರಿಗೆ ಧನ್ಯವಾದ. ಅದರ ಕೆಳಗೆ ತದ್ಭವ: ಕಟ್ಟಿದ ಹಗ್ಗ ಸಡಿಲವಿತ್ತು. ಹಗ್ಗ ಕಟ್ಟಿಸಿದವರು ಯಾರೆಂದು ತತ್ಸಮ ಅವರಿಗೆ ಗೊತ್ತಿದೆ.

ಸಾಯಬಣ್ಣ ಕುರ್ಚಿಯಲ್ಲಿ ನೆಟ್ಟಗಾದ. ಇಷ್ಟು ತಿಂಗಳು ಇವರು ಸಮುದ್ರದ ಆಚೆಯವರೆಂದು ತಿಳಿದು, ಮೊಬೈಲಿನ ಇಂಗ್ಲಿಷಿನಲ್ಲಿ ತಿಣುಕಾಡಿದ್ದ. ಮೊದಲ ಬಾರಿ ಆ ಪುಟದಲ್ಲಿ ಕನ್ನಡ ಬರೆದ: “ನೀವು ಕಮಲಾಪುರದವರೇನ್ರೀ?”

ತತ್ಸಮ ಕನ್ನಡದಲ್ಲೇ ಉತ್ತರಿಸಿದರು: “ಹೌದು. ಆದರೆ ಇಲ್ಲಿ ದಯವಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ, ನಿಯಮವಿದೆ.”

ಭಾನುವಾರ ಬೆಳಿಗ್ಗೆ ಸಾಯಬಣ್ಣ ಕಮಲಾಪುರದ ಬಸ್ಸು ಹತ್ತಿದ. ಸ್ಟ್ಯಾಂಡಿನಲ್ಲಿ ಇಳಿದು, ತತ್ಸಮ ಅನ್ನುವವರ ಮನೆ ಎಲ್ಲಿ ಎಂದು ಚಹಾದವನನ್ನು ಕೇಳಿದ. ಅವನು ಮೆಡಿಕಲ್ ಅಂಗಡಿ ಕಡೆ ಕೈ ತೋರಿಸಿದ. ಔಷಧಿ ಅಂಗಡಿಯವನು ಅದು ಸ್ಟಾಕ್ ಇಲ್ಲ ಎಂದ. ತದ್ಭವ ಆದರೂ ಇದ್ದಾರೇನು ಎಂದು ಸಾಯಬಣ್ಣ ಮರಳಿ ಕೇಳಿದ್ದಕ್ಕೆ, ಅದೂ ಇಲ್ಲ, ಡಾಕ್ಟರು ಬರೆದುಕೊಟ್ಟ ಚೀಟಿ ತರ್ರಿ ಎಂದ. ಕೊನೆಗೆ ಟೆಂಪೋ ಬಿದ್ದ ಬಾಳೆಹಣ್ಣಿನವರು ಎಂದಾಗ ಇಡೀ ಊರಿಗೇ ಗೊತ್ತಿತ್ತು.

ಬಾಗಿಲು ತೆಗೆದವರು ಮುನೀರಾ ಎಂಬ ಹಿರಿಯ ಹೆಂಗಸು. ಒಳಗೆ ತೊಲೆಯಿಂದ ಕೆಂಬಾಳೆಯ ಗೊನೆಗಳು ತೂಗಾಡುತ್ತಿದ್ದವು. ಬಂದ ಕಾರಣ ಕೇಳಿಕೊಂಡು ಆಕೆ ನಿಟ್ಟುಸಿರುಬಿಟ್ಟರು.

“ಬರ್ರಿ ಅಣ್ಣಾ. ತತ್ಸಮ ಈ ಖೋಲ್ಯಾಗ ಕೂತಾಳ, ತದ್ಭವ ಆ ಖೋಲ್ಯಾಗ ಕೂತಾನ. ಇಬ್ಬರನೂ ಹಡೆದಾಕಿ ನಾನು, ನಡುವ ಚಹಾ ತಗೊಂಡು ತಿರಗಾಕತ್ತೀನಿ.”

ತತ್ಸಮ ಅಂದರೆ ಮಗಳು ಆಸ್ಫಿಯಾ, ಹೈಸ್ಕೂಲಿನ ಕನ್ನಡ ಟೀಚರು. ತದ್ಭವ ಅಂದರೆ ಅವಳ ತಮ್ಮ ತಾರಿಖ್. ರಸ್ತೆ ಕಡೆಯ ಕೋಣೆಯಲ್ಲಿ ಅವನದು ಝೆರಾಕ್ಸು ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ. ಕಾಲೇಜಿನ ದಿನಗಳಲ್ಲಿ ಅಕ್ಕ ತಮ್ಮ ಕೂಡಿಯೇ ಈ ಪದಪಟ್ಟಿ ಶುರು ಮಾಡಿದ್ದರು. ಆಮೇಲೆ ‘ಬಾಳೆಹಣ್ಣು’ ಬಂತು. ಇದು ಸಮಾಸಪದ, ಕೂಡಿಸಿಯೇ ಬರೆಯಬೇಕು ಎಂದಳು ಆಸ್ಫಿಯಾ. ಮಂದಿ ಬರೆಯುವುದು ಬಿಡಿಸಿ, ‘ಬಾಳೆ’ ಬೇರೆ ‘ಹಣ್ಣು’ ಬೇರೆ, ಹಾಗೆಯೇ ಇರಲಿ ಎಂದ ತಾರಿಖ್. ಅವಳು ಸೇರಿಸಿದಳು, ಅವನು ತೆಗೆದ, ಅವಳು ಮತ್ತೆ ಸೇರಿಸಿದಳು. ಬಾಳೆ ಬೆಳೆದೇ ಬದುಕುವ ಮನೆಯಲ್ಲಿ ಬಾಳೆಹಣ್ಣಿಗಾಗಿ ಮಾತು ನಿಂತುಹೋಯಿತು.

ಆದರೆ ಪದಪಟ್ಟಿಯ ಕೆಲಸ ನಿಲ್ಲಲಿಲ್ಲ, ಮೊದಲಿಗಿಂತ ಜೋರಾಯಿತು. ಬಾಯಲ್ಲಿ ಆಡಬೇಕಾದದ್ದನ್ನೆಲ್ಲ ಇಬ್ಬರೂ ಅಲ್ಲಿ ಬರೆಯುತ್ತಿದ್ದರು. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ತಾರಿಖ್ ಮೊಬೈಲು ತೆಗೆದು ‘ಉಪ್ಪು’ ಎಂದು ಇಶ್ಯೂ ತೆಗೆಯುತ್ತಿದ್ದ. ಆಸ್ಫಿಯಾ ಉಪ್ಪಿನ ಬಟ್ಟಲು ಸರಿಸಿ, ಪರಿಹಾರವಾಗಿದೆ ಎಂದು ಬರೆದು ಮುಚ್ಚುತ್ತಿದ್ದಳು. ಬ್ರೆಜಿಲ್ ದೇಶದ ಒಬ್ಬ ಸ್ವಯಂಸೇವಕ ಒಮ್ಮೆ ಆ ಇಶ್ಯೂ ಕೈಗೆತ್ತಿಕೊಂಡು, ಎರಡು ದಿನ ಹುಡುಕಿ, ‘ಉಪ್ಪು’ ಪಟ್ಟಿಯಲ್ಲಿ ಸರಿಯಾಗಿಯೇ ಇದೆ, ನನಗೆ ದೋಷ ಕಾಣಿಸುತ್ತಿಲ್ಲ ಎಂದು ವರದಿ ಕೊಟ್ಟಿದ್ದ.

ಸಾಯಬಣ್ಣ ಮೊದಲು ಆಸ್ಫಿಯಾಳ ಎದುರು ಕೂತ. ಲಗ್ನಪತ್ರಿಕೆಯ ಕಥೆ ಹೇಳಿದ. ಅವಳು ನಗದೆ ಕೇಳಿ, ಕೂಡಲೇ ತನ್ನ ಒಪ್ಪಿಗೆ ಒತ್ತಿದಳು. ಆಚೆ ಕೋಣೆಯಿಂದ ತಾರಿಖ್‌ನ ಆಕ್ಷೇಪ ಬಂದು ಬಿತ್ತು. ಸಾಯಬಣ್ಣ ಎದ್ದು ಆ ಕೋಣೆಗೆ ಹೋದ. ತಾರಿಖ್ ಕುರ್ಚಿ ಬಿಟ್ಟುಕೊಟ್ಟು, ಮರ್ಯಾದೆಯಿಂದಲೇ ಹೇಳಿದ: “ಕಾಕಾ, ನಿಮ್ಮ ಹೆಸರಿನ ಮ್ಯಾಲ ನಂದೇನೂ ತಕರಾರಿಲ್ಲ. ಆದ್ರ ಆಪಾ ಹೂಂ ಅಂದಾಳಲ್ರಿ. ಈಗ ನಾನು ಹ್ಯಾಂಗ ಹೂಂ ಅನ್ನಲಿ?”

ಸಾಯಬಣ್ಣ ಮತ್ತೆ ಅಕ್ಕನ ಕೋಣೆಗೆ ಹೋದ. ಅವನು ಈಚೆಯಿಂದ ಆಚೆ, ಆಚೆಯಿಂದ ಈಚೆ ಓಡಾಡಿದ. ಹೇಗೂ ನಡೆದಾಡುತ್ತಿದ್ದೇನೆಂದು ಅವರ ಮಾತುಗಳನ್ನೂ ಹೊತ್ತು ಮುಟ್ಟಿಸಿದ. ಇಂಟರ್ನೆಟ್ಟಿಗಿಂತ ತಾನು ಸ್ವಲ್ಪ ಬೇಗ ಹೋಗುತ್ತಿದ್ದೆ ಎಂದು ನನಗೆ ಆಮೇಲೆ ಹೇಳಿದ. ದಾರಿಯಲ್ಲಿ ಎರಡು ಸಲ ಮುನೀರಾ ಅವರ ಚಹಾದ ತಟ್ಟೆಗೆ ಡಿಕ್ಕಿಯಾಯಿತು.

ಕೊನೆಗೆ ತಾರಿಖ್‌ಗೆ ಒಂದು ಉಪಾಯ ಹೊಳೆಯಿತು. ಇವರು ಹೊರಗಿನವರು, ದಿನಾ ಬೋರ್ಡು ಬರೆಯುವವರು, ಇವರನ್ನೇ ಕೇಳೋಣ. ಬಾಗಿಲಲ್ಲಿ ನಿಂತು, ಅಕ್ಕನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದ: “ಕಾಕಾ, ಬೋರ್ಡಿನ ಮ್ಯಾಲ ಬಾಳೆಹಣ್ಣು ಅಂತ ಹ್ಯಾಂಗ ಬರೀತೀರಿ? ಕೂಡ್ಸಿನೋ, ಬಿಡ್ಸಿನೋ?”

ಸಾಯಬಣ್ಣ ಸುಳ್ಳು ಹೇಳುವವನಲ್ಲ. ಯೋಚನೆ ಮಾಡಿ ಹೇಳಿದ: “ಅದು ಬೋರ್ಡಿನ ಅಳತಿ ಮ್ಯಾಲ ಅದ ನೋಡ್ರಿ. ಸಣ್ಣದಿದ್ರ ‘ಬಾಳೆಹ’ ಅಂತ ಮ್ಯಾಲ ಹಾಕಿ, ‘ಣ್ಣು’ ಅಂತ ಕೆಳಗ ತಂದುಬಿಡ್ತೀನಿ.”

ಆಸ್ಫಿಯಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಎದ್ದು ಬಂದಳು.

“ತಾರಿಖ್, ಕೇಳ್ದೇನು ಇವರು ಅಂದದ್ದು?”

“ಕೇಳ್ದೆ ಆಪಾ. ‘ಣ್ಣು’ ಕೆಳಗಂತ.”

ವರ್ಷಗಳ ನಂತರ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಇದು. ಮುಂದಿನದೆಲ್ಲ ಸಾಯಬಣ್ಣನ ಮೇಲೆಯೇ ಬಿತ್ತು. ಅಕ್ಕ ವ್ಯಾಕರಣದಿಂದ ಹಿಡಿದಳು, ತಮ್ಮ ತಂತ್ರಾಂಶದಿಂದ ಹಿಡಿದ. ಪದವನ್ನು ಹಾಗೆ ಕೊಯ್ಯಬಾರದು, ‘ಣ್ಣು’ ಒಂದೇ ಹೇಗೆ ನಿಲ್ಲುತ್ತದೆ, ಇಂಥ ಬೋರ್ಡು ನೋಡಿ ಮಕ್ಕಳು ಏನು ಕಲಿಯಬೇಕು ಎಂದು ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡುತ್ತಾ ಹೇಳಿದರು. ಇಬ್ಬರೂ ಒಂದೇ ವಿಷಯಕ್ಕೆ ಒಪ್ಪಿದ್ದು ಕಂಡು ಮುನೀರಾ ಸದ್ದಿಲ್ಲದೆ ಒಳಗೆ ಹೋಗಿ ರೊಟ್ಟಿಗೆ ಹೆಚ್ಚು ಹಿಟ್ಟು ಕಲೆಸಿದರು. ಸಾಯಬಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಬೀಗರು ಮದುವೆಯಲ್ಲಿ ಇಷ್ಟು ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ ಎಂದು ಅವನಿಗೆ ಅನಿಸಿತಂತೆ.

ಬೈದು ದಣಿದ ಮೇಲೆ ಅಕ್ಕ ತಮ್ಮ ಒಂದೇ ಪರದೆಯ ಮುಂದೆ ಕೂತು ಅವನ ವಿನಂತಿಯನ್ನು ನೋಡಿದರು. ಇಬ್ಬರಿಗೂ ಒಟ್ಟಿಗೆ ಒಂದು ಕೊರತೆ ಕಾಣಿಸಿತು. ಬರೀ ‘ಸಾಯಬಣ್ಣ’ ಇದ್ದರೆ ಸಾಲದು, ವಿಭಕ್ತಿ ರೂಪಗಳೆಲ್ಲ ಬೇಕು, ಕೂತು ಬರೆಯಿರಿ ಎಂದರು. ರೊಟ್ಟಿ, ಪುಂಡಿಪಲ್ಯ ಉಂಡು ಸಾಯಬಣ್ಣ ಬರೆಯಲು ಕೂತ. ಆಸ್ಫಿಯಾ ಹೇಳುತ್ತಾ ಹೋದಳು: ಸಾಯಬಣ್ಣನು, ಸಾಯಬಣ್ಣನನ್ನು, ಸಾಯಬಣ್ಣನಿಂದ, ಸಾಯಬಣ್ಣನಿಗೆ. ನಡುವೆ ತಾರಿಖ್, ನಮ್ಮ ಕಡೆ ‘ಸಾಯಬಣ್ಣಗ’ ಅಂತಾರ, ಅದೂ ಇರಲಿ ಎಂದ. ಬಹುವಚನಕ್ಕೆ ಬಂದಾಗ ಮತ್ತೆ ಜಗಳ. ಅವಳು ‘ಸಾಯಬಣ್ಣರು’ ಎಂದರೆ ಅವನು, ಅಣ್ಣ ಅಣ್ಣಂದಿರು ಆಗುವುದಾದರೆ ಇವರೇಕೆ ‘ಸಾಯಬಣ್ಣಂದಿರು’ ಆಗಬಾರದು ಎಂದ. ಒಬ್ಬನೇ ಇದ್ದೇನಲ್ಲ, ಬಹುವಚನ ಬಿಟ್ಟರೂ ನಡೆದೀತು ಎಂದು ಸಾಯಬಣ್ಣ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಬರೆಯುತ್ತಾ ಬರೆಯುತ್ತಾ ‘ಸಾಯಬಣ್ಣನಿಲ್ಲದೆ’ ಎಂಬುದು ಬಂತು. ಬಡಿದ ಮೇಲೆ ಅವನ ಬೆರಳು ನಿಂತವು. ಎಷ್ಟೋ ಮಂದಿಯ ಶ್ರದ್ಧಾಂಜಲಿ ಬ್ಯಾನರು ಮಾಡಿದ ಕೈ ಅದು. ತನ್ನ ಹೆಸರಿಗೆ ಆ ಬಾಲ ಅಂಟಿಸಿ ನೋಡಿದ್ದಿಲ್ಲ. ಆಸ್ಫಿಯಾ ಏನಾಯಿತು ಕಾಕಾ ಎಂದಳು. ಏನಿಲ್ಲ, ಮುಂದಿನದು ಹೇಳವ್ವಾ ಎಂದ.

ಸಂಜೆಯ ಬಸ್ಸಿನ ಮುಂಚೆ ಇಬ್ಬರೂ ಒಪ್ಪಿಗೆ ಒತ್ತಿದರು. ಹೆಸರು ಪದಪಟ್ಟಿಗೆ ಸೇರಿತು. ಭಟ್ಟರು ‘ನಿಮ್ಮ ಕೊಡುಗೆಗೆ ಧನ್ಯವಾದ’ ಎಂದು ಬರೆದು ಇಶ್ಯೂ ಮುಚ್ಚಿದರು. ಸಾಯಬಣ್ಣ ಬಸ್ಸಿನಲ್ಲಿ ಕೂತು ಅದಕ್ಕೂ ಉತ್ತರ ಬರೆದ. ತೊಡೆಯ ಮೇಲೆ ಮುನೀರಾ ಕೊಟ್ಟ ಒಂದು ಚಿಪ್ಪು ಕೆಂಬಾಳೆ ಇತ್ತು.

ಇಲ್ಲಿಗೆ ಎಲ್ಲರಿಗೂ ಒಳ್ಳೆಯದಾಯಿತು ಅನ್ನಬೇಕು. ಹಾಗಾಗಲಿಲ್ಲ. ಅಕ್ಕ ತಮ್ಮ ಬಾಯಲ್ಲಿ ಮಾತಾಡಲು ಶುರು ಮಾಡಿದ್ದೇ ಪದಪಟ್ಟಿಯಲ್ಲಿ ಬರೆಯುವುದು ನಿಂತುಹೋಯಿತು. ವಾದವೆಲ್ಲ ಈಗ ಅಡುಗೆಮನೆಯಲ್ಲೇ ನಡೆದು, ಅಲ್ಲೇ ಮುಗಿಯುತ್ತಿತ್ತು. ಪರದೇಶದ ಸ್ವಯಂಸೇವಕರು ಕಂಗಾಲಾಗಿ, ಅವರಿಬ್ಬರೂ ಕ್ಷೇಮವೇ, ಈ ಯೋಜನೆ ಸತ್ತಿತೇ ಎಂದು ಕೇಳತೊಡಗಿದರು. ಮಾತಿಲ್ಲದ ಇಶ್ಯೂಗಳನ್ನು ಭಟ್ಟರು ಒಂದೊಂದಾಗಿ ಮುಚ್ಚುತ್ತಾ ಬಂದರು. ಬೇರೆ ದಾರಿ ಕಾಣದೆ ಆಸ್ಫಿಯಾ ಸಾಯಬಣ್ಣನಿಗೆ ಫೋನು ಮಾಡಿದಳು. ಅವನನ್ನೇ ಮೂರನೆಯ ನೋಡಿಕೊಳ್ಳುವವನಾಗಿ ಮಾಡಿದರು. ಅವನ ಕೆಲಸ ಇಷ್ಟೇ: ಭಾನುವಾರ ಕಮಲಾಪುರಕ್ಕೆ ಹೋಗಿ, ಅಕ್ಕ ತಮ್ಮ ಜಗಳಾಡುವಾಗ ನಡುವೆ ಕೂತು, ಅವರು ಆಡಿದ್ದನ್ನೆಲ್ಲ ಟೈಪು ಮಾಡಿ ಹಾಕುವುದು.

ನೀವು ಯಾರ ಕಡೆ ಇದ್ದೀರಿ ಎಂದು ಅಂಬಮ್ಮ ಕೇಳುತ್ತಾಳೆ. ನಂದು ಬರೀ ಬರೆಯೋ ಕೆಲಸ ಅನ್ನುತ್ತಾನೆ.

ಹೋದ ಭಾನುವಾರ ನಾನೂ ಅವನ ಸಂಗಡ ಹೋಗಿದ್ದೆ. ಅವತ್ತು ‘ಮಳೆಗಾಲ’ದ ವಾದ ನಡೆದಿತ್ತು. ಬೇಸಿಗೆಗೆ ಇಲ್ಲದ ‘ಕಾಲ’ ಮಳೆಗೆ ಯಾಕೆ ಎಂಬುದು ತಾರಿಖ್‌ನ ಪ್ರಶ್ನೆ. ಆಸ್ಫಿಯಾ ಉತ್ತರ ಕೊಡುತ್ತಿದ್ದಳು, ಸಾಯಬಣ್ಣನ ಬೆರಳು ಓಡುತ್ತಿದ್ದವು. ಬೇಸಿಗೆಕಾಲ ಅಂತಲೂ ಅಂತಾರಲ್ಲ ಎಂದು ನಾನು ಸುಮ್ಮನೆ ಅಂದೆ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಸಾಯಬಣ್ಣ ಟೈಪು ಮಾಡುವುದನ್ನು ನಿಲ್ಲಿಸದೆ, ಕುರ್ಚಿ ಸ್ವಲ್ಪ ಹಿಂದಕ್ಕ ತಗೋ, ಇವತ್ತಿನ ಪಾಳಿ ನಿಂದು ಎಂದು ಮೆಲ್ಲಗೆ ಹೇಳಿದ. ಮುನೀರಾ ನನ್ನ ಮುಂದೆ ತಾಟು ಇಟ್ಟು, ಬಿಸಿ ರೊಟ್ಟಿ ಹಾಕಿದರು.